ಇಂಜಿನ್ ಕಾದೀತು, ಕೈ ಸುಟ್ಟುಕೊಳ್ಳಬೇಡಿ



ಮಿಕ್ಸಿ ಸುಟ್ಟರೆ ಕಾಯಿಲ್ ಕಟ್ಟಿಸಬೇಕೆ, ಹೊಸದು ಕೊಳ್ಳಬೇಕೆ? ಹಳೇ ಕುಕ್ಕರಿಗೆ ಗ್ಯಾಸ್ಕೆಟ್ ಹಾಕಿಸಬೇಕೆ, ಪಾತ್ರೆಯವನಿಗೆ ಕೊಟ್ಟುಬಿಡಬೇಕೆ? ಇಂಥ ಪ್ರಶ್ನೆಗಳಿಗೆ ನಾವು ಹೆಂಗಸರು ದಿನವೂ ಉತ್ತರ ಹುಡುಕುತ್ತಲೇ ಇರುತ್ತೇವೆ. ಈ ಸಲ ಅದೇ ಪ್ರಶ್ನೆ, ಆದರೆ ವಸ್ತು ಮಾತ್ರ ದೊಡ್ಡದು. ಕಾರಿನ ಇಂಜಿನ್! "ಇದೇನಮ್ಮ, ಅಡುಗೆಮನೆ ಬಿಟ್ಟು ಗ್ಯಾರೇಜಿಗೆ ಹೊರಟಿರಾ?" ಎಂದು ಮೂಗು ಮುರಿಯಬೇಡಿ. ಕಾರು ಯಾರ ಹೆಸರಿನಲ್ಲೇ ಇರಲಿ, ಅದು ಕೆಟ್ಟಾಗ ಖರ್ಚಾಗುವ ದುಡ್ಡು ಮನೆಯದೇ ತಾನೆ?

ಮಲೆನಾಡಿನ ಒಂದು ಊರಿನಿಂದ ಒಬ್ಬ ಸೋದರಿ ಕಾಗದ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರ ಮಾತಿನಲ್ಲೇ ಕೇಳಿ:

"ನಮ್ಮ ಕಾರಿಗೆ ಹನ್ನೊಂದು ವರ್ಷ. ಪೆಟ್ರೋಲ್ ಗಾಡಿ. ಮಂಗಳೂರಿನಲ್ಲಿ ಮದುವೆ ಮುಗಿಸಿಕೊಂಡು ಘಟ್ಟ ಹತ್ತುವಾಗ ಬಾನೆಟ್ಟಿನಿಂದ ಹಬೆ ಎದ್ದಿತು. ಗ್ಯಾರೇಜಿನವರು ನೋಡಿ, 'ಇಂಜಿನ್ ಹೋಯ್ತು, ಬೇರೆ ಕೂರಿಸ್ಬೇಕು, ಒಂದು ಲಕ್ಷದ ಹತ್ತಿರ ಆಗುತ್ತೆ' ಅಂದರು. ನಮ್ಮನೆಯವರು 'ಅಷ್ಟು ಸುರಿಯೋ ಬದಲು ಇದನ್ನ ಗುಜರಿಗೆ ಕೊಟ್ಟು, ಸಾಲ ಮಾಡಿ ಹೊಸದೇ ತಗೊಳ್ಳೋಣ' ಅಂತಾರೆ. ಯಾವುದಾದರೂ ಸರಿ, ನನ್ನ ನಾಲ್ಕು ಬಳೆ ಬ್ಯಾಂಕಿಗೆ ಹೋಗಲೇಬೇಕು. ಅದು ಮಗಳ ಕಾಲೇಜಿಗೆ ಅಂತ ಎತ್ತಿಟ್ಟಿದ್ದು. ನಾನು ಬಾಯಿ ತೆಗೆದರೆ 'ನಿನಗೇನು ಗೊತ್ತು ಇಂಜಿನ್ ವಿಷಯ' ಅಂತಾರೆ. ನಿಜವಾಗಿಯೂ ಗೊತ್ತಿಲ್ಲ. ಏನು ಕೇಳಬೇಕು ಅಂತನಾದರೂ ಹೇಳಿಕೊಡಿ."

ಎಷ್ಟು ಜಾಣ ಪ್ರಶ್ನೆ ನೋಡಿ! ಏನು ಕೇಳಬೇಕು ಎಂದು ತಿಳಿದರೆ ಅರ್ಧ ಕೆಲಸ ಆದ ಹಾಗೆ. ಈ ಸೋದರಿಗೆ ನನ್ನ ಮೊದಲ ಮಾತು ಇಷ್ಟೆ. ಇಂಜಿನ್ ಬಿಚ್ಚಿ ಅಳತೆ ಹಿಡಿಯುವ ತನಕ ರಿಪೇರಿ ಎಂದೂ ಒಪ್ಪಬೇಡಿ, ಬದಲಾವಣೆ ಎಂದೂ ಒಪ್ಪಬೇಡಿ, ಬಳೆಯನ್ನೂ ಬಿಚ್ಚಬೇಡಿ. ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಬಾನೆಟ್ಟಿನ ಕೆಳಗೊಂದು ಕುಕ್ಕರು

ಇಂಜಿನ್ ಎಂದರೆ ಹೆದರಬೇಡಿ. ನಮ್ಮ ಕುಕ್ಕರಿನ ಗುಣವೇ ಅದಕ್ಕೂ ಇದೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಕುಕ್ಕರಿನಲ್ಲಿ ಮುಚ್ಚಳ ಬಿಗಿಯಾಗಿ ಒತ್ತಡ ಏರುವುದರಿಂದ ಶಾಖ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಅದಕ್ಕೇ ಬೇಳೆ ಬೇಗ ಬೇಯುವುದು. ಕಾರಿನ ರೇಡಿಯೇಟರ್ ಮುಚ್ಚಳವೂ ಹೆಚ್ಚು ಕಡಿಮೆ ಕುಕ್ಕರಿನಷ್ಟೇ ಒತ್ತಡ ಹಿಡಿದಿಡುತ್ತದೆ. ಇಂಜಿನ್ ಸುತ್ತ ಹರಿಯುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುವುದು ಈ ಒತ್ತಡದಿಂದ, ಮತ್ತು ಅದರಲ್ಲಿ ಬೆರೆಸಿರುವ ಕೂಲೆಂಟ್ ಎಂಬ ದ್ರವದಿಂದ.

ಆ ನೀರನ್ನು ತಿರುಗಿಸುವುದಕ್ಕೆ ಒಂದು ವಾಟರ್ ಪಂಪು. ಬಿಸಿ ಏರಿದಾಗ ದಾರಿ ಬಿಡುವುದಕ್ಕೆ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲು. ಬಿಸಿ ನೀರನ್ನು ತಣಿಸುವುದಕ್ಕೆ ಮುಂದುಗಡೆ ರೇಡಿಯೇಟರ್, ಅದಕ್ಕೆ ಗಾಳಿ ಬೀಸುವ ಫ್ಯಾನು. ಇವನ್ನೆಲ್ಲ ಕೂಡಿಸುವುದಕ್ಕೆ ರಬ್ಬರ್ ಕೊಳವೆಗಳು. ಇವುಗಳಲ್ಲಿ ಒಂದು ಕೈಕೊಟ್ಟರೂ ಗಾಡಿ ಕಾಯುತ್ತದೆ. ಎಷ್ಟೋ ಸಲ ಮೂಲ ಕಾರಣ ಒಂದು ಹರಿದ ಕೊಳವೆ ಅಥವಾ ತಿರುಗದ ಫ್ಯಾನು, ಅಷ್ಟೆ. ಆದರೆ ಕಾದ ಮೇಲೂ ಓಡಿಸುತ್ತಾ ಹೋದರೆ ಆಗ ಪೆಟ್ಟು ಇಂಜಿನಿಗೆ ಬೀಳುತ್ತದೆ.

ಇಂಜಿನಿನಲ್ಲಿ ದೊಡ್ಡದಾಗಿ ಎರಡು ಭಾಗ. ಕೆಳಗಿನದು ಬ್ಲಾಕು. ಅದರ ಮೇಲೆ ಮುಚ್ಚಳದ ಹಾಗೆ ಕೂರುವುದು ಹೆಡ್ಡು. ಎರಡರ ನಡುವೆ ತೆಳ್ಳಗಿನ ಹೆಡ್ ಗ್ಯಾಸ್ಕೆಟ್. ಕುಕ್ಕರಿನ ಗ್ಯಾಸ್ಕೆಟ್ ಹಬೆ ತಡೆಯುವ ಹಾಗೆ ಇದು ಬೆಂಕಿ, ನೀರು, ಆಯಿಲ್ ಮೂರೂ ಒಂದರೊಳಗೊಂದು ನುಗ್ಗದ ಹಾಗೆ ತಡೆಯುತ್ತದೆ. ಹಳೆಯ ಅಂಬಾಸಿಡರಿನಲ್ಲಿ ಹೆಡ್ಡು, ಬ್ಲಾಕು ಎರಡೂ ಬೀಡಿನವು. ಘಟ್ಟದಲ್ಲಿ ಕಾದರೆ ಪಕ್ಕಕ್ಕೆ ನಿಲ್ಲಿಸಿ, ತಣಿಸಿ, ಡಬ್ಬದ ನೀರು ಹಾಕಿಕೊಂಡು ಹೊರಡುತ್ತಿದ್ದುದನ್ನು ನೋಡಿದವರು ನಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಈಗಿನ ಕಾರುಗಳ ಹೆಡ್ಡು ಅಲ್ಯೂಮಿನಿಯಂ. ಹಗುರ, ಆದರೆ ಬಿಸಿಗೆ ಅದು ಬೀಡಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ತುಂಬಾ ಕಾದರೆ ಸೊಟ್ಟಗಾಗುತ್ತದೆ. ಖಾಲಿ ಅಲ್ಯೂಮಿನಿಯಂ ಪಾತ್ರೆ ಒಲೆಯ ಮೇಲೆ ಮರೆತುಹೋದಾಗ ತಳ ಉಬ್ಬುವುದನ್ನು ಕಂಡಿಲ್ಲವೆ? ಅದೇ ಕಥೆ.

'ಹೋಯ್ತು' ಎಂದರೆ ಎಷ್ಟು ಹೋಯ್ತು?

"ಮಗುವಿಗೆ ಹುಷಾರಿಲ್ಲ" ಎಂದರೆ ನೆಗಡಿಯೂ ಆಗಬಹುದು, ಟೈಫಾಯ್ಡೂ ಆಗಬಹುದು. "ಇಂಜಿನ್ ಹೋಯ್ತು" ಎಂಬ ಮಾತೂ ಹಾಗೆಯೇ. ಕಾದ ಇಂಜಿನಿಗೆ ಆಗುವ ಕೇಡನ್ನು ನಾಲ್ಕು ಮೆಟ್ಟಿಲು ಎಂದು ಇಟ್ಟುಕೊಳ್ಳಿ.

ಮೊದಲನೆಯ ಮೆಟ್ಟಿಲು: ಇಂಜಿನಿಗೆ ಏನೂ ಆಗಿಲ್ಲ. ಕೊಳವೆ, ಥರ್ಮೋಸ್ಟಾಟ್, ಫ್ಯಾನು, ಪಂಪು, ಮುಚ್ಚಳ ಇವುಗಳಲ್ಲಿ ಒಂದು ಕೆಟ್ಟಿದೆ. ಮುಳ್ಳು ಏರಿದ ತಕ್ಷಣ ನಿಲ್ಲಿಸಿದವರು ಹೆಚ್ಚಾಗಿ ಇಲ್ಲಿಗೇ ಪಾರಾಗುತ್ತಾರೆ.

ಎರಡನೆಯದು: ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ಡು ಸ್ವಲ್ಪ ಸೊಟ್ಟಗಾಗಿದೆ. ಹೆಡ್ಡನ್ನು ಇಳಿಸಿ, ಲೇತಿನವರ ಹತ್ತಿರ ಫೇಸಿಂಗ್ ಮಾಡಿಸಿ, ಅಂದರೆ ಮೈ ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಬೇಕು. ಖರ್ಚು ಇದೆ, ಆದರೆ ಇಂಜಿನ್ ಬದಲಾಯಿಸುವಷ್ಟಲ್ಲ.

ಮೂರನೆಯದು: ಹೆಡ್ಡು ಬಿರುಕು ಬಿಟ್ಟಿದೆ, ಅಥವಾ ಕೆಳಗಡೆ ಪಿಸ್ಟನ್ನು, ರಿಂಗು, ಸಿಲಿಂಡರಿನ ಗೋಡೆ ಕೆರೆದುಹೋಗಿದೆ. ಗ್ಯಾರೇಜಿನವರು "ಬೋರಿಗೆ ಬಂದಿದೆ" ಎನ್ನುವುದು ಈ ಕೆರೆತಕ್ಕೆ. ಬಿರುಕು ಬಿಟ್ಟ ಹೆಡ್ಡಿಗೆ ಬೇರೆ ಹೆಡ್ಡು ಹಾಕಬೇಕು. ಬೋರಿಗೆ ಬಂದಿದ್ದರೆ ಗೋಡೆಯನ್ನು ಒಂದು ಕೂದಲಿನಷ್ಟು ಕೊರೆದು, ಅದಕ್ಕೆ ತಕ್ಕ ಕಾಲು ಮಿಲಿಮೀಟರೋ ಅರ್ಧ ಮಿಲಿಮೀಟರೋ ದಪ್ಪದ ಪಿಸ್ಟನ್ನು ಹಾಕುತ್ತಾರೆ. ಎಲ್ಲಾ ಇಂಜಿನಿಗೂ ಇಂಥ ದಪ್ಪದ ಪಿಸ್ಟನ್ನು ಸಿಗುವುದಿಲ್ಲ, ಮೊದಲೇ ವಿಚಾರಿಸಬೇಕು.

ನಾಲ್ಕನೆಯದು: ಬ್ಲಾಕೇ ಸೀಳಿದೆ, ಅಥವಾ ಇಂಜಿನ್ ಪೂರ್ತಿ ಸೀಜ್ ಆಗಿ ಒಳಗಿನ ದಂಡ, ಬೇರಿಂಗು ಎಲ್ಲ ಹಾಳಾಗಿದೆ. ಬದಲಾವಣೆಯ ಮಾತು ನ್ಯಾಯವಾಗಿ ಬರುವುದು ಈ ಮೆಟ್ಟಿಲಿನಲ್ಲಿ.

ಬಾನೆಟ್ ಎತ್ತಿ ಇಣುಕಿದ ಮಾತ್ರಕ್ಕೆ ಎರಡನೆಯ ಮೆಟ್ಟಿಲೋ ನಾಲ್ಕನೆಯದೋ ಎಂದು ಹೇಳುವುದು ಯಾರಿಗೂ ಸುಲಭವಲ್ಲ. ಗ್ಯಾರೇಜಿನವರು ಮೋಸ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಒಂದು ಇಂಜಿನ್ ತೆಗೆದು ಇನ್ನೊಂದು ಕೂರಿಸುವುದು ಅವರಿಗೆ ಬೇಗ ಮುಗಿಯುವ ಕೆಲಸ. ಹೆಡ್ಡು ಇಳಿಸಿ, ಲೇತಿಗೆ ಹೊತ್ತು, ಕಾದು ಕೂರಿಸುವುದು ನಾಲ್ಕು ದಿನದ ತಾಪತ್ರಯ. ಅವರಿಗೆ ಸುಲಭವಾದದ್ದು ನಮಗೆ ದುಬಾರಿಯಾಗಬಾರದು.

ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ಮೊದಲು ಮನೆಯಲ್ಲೇ ಒಂದು ಪ್ರಶ್ನೆ: ಮುಳ್ಳು ಕೆಂಪು ಗೆರೆ ಮುಟ್ಟಿದ ಮೇಲೆ ಎಷ್ಟು ದೂರ ಓಡಿಸಿದಿರಿ? ತಕ್ಷಣ ನಿಲ್ಲಿಸಿದ್ದೋ, "ಮುಂದಿನ ಊರು ಬರಲಿ" ಎಂದು ಹತ್ತು ಕಿಲೋಮೀಟರ್ ಎಳೆದದ್ದೋ? ತಾನಾಗಿಯೇ ನಿಂತುಹೋಯಿತೋ? ಯಾರನ್ನೂ ಬೈಯುವುದಕ್ಕೆ ಈ ಪ್ರಶ್ನೆ ಕೇಳಬೇಡಿ. ಡಾಕ್ಟರಿಗೆ ಜ್ವರ ಯಾವಾಗ ಶುರುವಾಯ್ತು ಎಂದು ಹೇಳುವ ಹಾಗೆ ಮೆಕ್ಯಾನಿಕ್ಕಿಗೆ ಇದನ್ನು ನಿಜವಾಗಿ ಹೇಳಬೇಕು.

ಆಮೇಲೆ ಆಯಿಲ್ ನೋಡಿಸಿ. ಅಳೆಯುವ ಕಡ್ಡಿಯನ್ನು ಎಳೆದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಸೇರಿದೆ ಎಂದು ಅರ್ಥ. ಹೊಗೆಕೊಳವೆಯಿಂದ ನಿಲ್ಲದೆ ಬಿಳಿ ಹೊಗೆ, ಅದರಲ್ಲಿ ಸಿಹಿ ವಾಸನೆ ಬಂದರೆ ಕೂಲೆಂಟ್ ಸುಡುತ್ತಿದೆ. ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೂ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಪಡಬೇಕು. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಕಾಣುವ ಬಿಳಿ ಹಬೆಗೆ ಮಾತ್ರ ಗಾಬರಿ ಬೇಡ, ಅದು ಇಬ್ಬನಿಯ ಹಾಗೆ.

ಇಂಜಿನ್ ತಿರುಗುತ್ತಿದ್ದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದೊಂದು ಸಿಲಿಂಡರಿಗೂ ಮೀಟರ್ ಹಾಕಿ ಒತ್ತಡ ಅಳೆಯುತ್ತಾರೆ. ಎಲ್ಲಾ ಸಿಲಿಂಡರಿನ ಅಂಕಿ ಹೆಚ್ಚು ಕಡಿಮೆ ಸಮನಾಗಿರಬೇಕು. ಒಂದರದು ಅಥವಾ ಅಕ್ಕಪಕ್ಕದ ಎರಡರದು ಕುಸಿದಿದ್ದರೆ ರೋಗ ಎಲ್ಲಿದೆ ಎಂದು ಗೊತ್ತಾಗುತ್ತದೆ. ಆ ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಕೊನೆಗೆ ಹೆಡ್ಡು ಇಳಿಸಿ ನೋಡುವುದು. "ಅಣ್ಣಾ, ಹೆಡ್ ಇಳಿಸಿ ಅಳತೆ ನೋಡೋಕೆ ಎಷ್ಟಾಗುತ್ತೆ? ಆಮೇಲೆ ನೀವೇ ರಿಪೇರಿ ಮಾಡಿದ್ರೆ ಈ ಕೂಲಿ ಅದರಲ್ಲೇ ಸೇರುತ್ತಾ?" ಎಂದು ಮೊದಲೇ ಮಾತಾಡಿಕೊಳ್ಳಿ. ಹೆಡ್ಡಿನ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು, ಕೆಳಗೆ ತೆಳು ತಗಡು ತೂರಿಸಿ ಸೊಟ್ಟ ಅಳೆಯುತ್ತಾರೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 0.05 ಮಿಲಿಮೀಟರ್ ದಾಟಿದರೆ ಫೇಸಿಂಗ್ ಬೇಕು ಎನ್ನುತ್ತಾರೆ. ಅದು ನಾವು ಬರೆಯುವ ಕಾಗದದ ಅರ್ಧ ದಪ್ಪ! ಎಷ್ಟು ಸೂಕ್ಷ್ಮ ನೋಡಿ. ಅದಕ್ಕೇ "ಕಣ್ಣಲ್ಲೇ ನೋಡಿದೆ, ಸರಿಯಾಗಿದೆ" ಎಂದರೆ ಒಪ್ಪಬಾರದು. ಫೇಸಿಂಗಿಗೂ ಮಿತಿ ಇದೆ, ಅತಿಯಾಗಿ ತುರಿದರೆ ಹೆಡ್ಡು ಕೆಲಸಕ್ಕೆ ಬರುವುದಿಲ್ಲ. ಬಿರುಕು ಇದೆಯೇ ಎಂಬುದನ್ನೂ ಲೇತಿನವರ ಹತ್ತಿರವೇ ಪರೀಕ್ಷೆ ಮಾಡಿಸಬೇಕು.

ಹೆಡ್ಡು ಇಳಿಸಿದಾಗ ಸಿಲಿಂಡರಿನ ಗೋಡೆಗಳ ಫೋಟೋ ತೆಗೆಸಿ ಫೋನಿಗೆ ಕಳಿಸಿಕೊಳ್ಳಿ. ಉದ್ದುದ್ದ ಗೀರು ಇದ್ದರೆ ನಮ್ಮ ಕಣ್ಣಿಗೂ ಕಾಣುತ್ತದೆ. ಆ ಫೋಟೋವನ್ನು, ಚೀಟಿಯ ಅಂಕಿಗಳನ್ನು ಇನ್ನೊಬ್ಬ ಮೆಕ್ಯಾನಿಕ್ಕಿಗೆ ತೋರಿಸಿ ಕೇಳುವುದಕ್ಕೆ ಸಂಕೋಚ ಬೇಡ. ಆಪರೇಷನ್ ಎಂದಾಗ ಇಬ್ಬರು ಡಾಕ್ಟರನ್ನು ಕೇಳುವುದಿಲ್ಲವೆ?

ಬೇರೆ ಇಂಜಿನ್ ಕೂರಿಸುವುದಾದರೆ

ನಾಲ್ಕನೆಯ ಮೆಟ್ಟಿಲು ಎಂದು ಅಳತೆಯಿಂದಲೇ ಗೊತ್ತಾಯಿತು ಎನ್ನಿ. ಆಗಲೂ ದಾರಿ ಒಂದೇ ಅಲ್ಲ. ಕಂಪನಿಯ ಹೊಸ ಇಂಜಿನ್ ಇದೆ, ಬೆಲೆ ಮಾತ್ರ ಹಳೇ ಕಾರಿಗೆ ಭಾರ. ಪೂರ್ತಿ ಇಂಜಿನ್ ಬದಲು ಕೆಳಗಿನ ಅರ್ಧ ಮಾತ್ರ ಹೊಸದಾಗಿ ತರಿಸಿ, ಹೆಡ್ಡು ಹಳೆಯದನ್ನೇ ಸರಿಮಾಡಿ ಹಾಕುವುದು ಕೆಲವು ಕಾರುಗಳಲ್ಲಿ ಆಗುತ್ತದೆ. ಇನ್ನೊಂದು, ಗುಜರಿಗೆ ಬಂದ ಕಾರಿನ ಇಂಜಿನ್. ಇದು ಅಗ್ಗ, ಆದರೆ ಮುಚ್ಚಿದ ಮಡಕೆ. ಅದೂ ಎಲ್ಲೋ ಕುದಿದು ಬಂದದ್ದೇ ಇರಬಹುದು. ಕೊಳ್ಳುವ ಮೊದಲು ಅದಕ್ಕೂ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಇಷ್ಟು ದಿನದೊಳಗೆ ಕೆಟ್ಟರೆ ವಾಪಸ್ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಇಲ್ಲಿ ಎಷ್ಟೋ ಜನ ಮರೆಯುವ ಒಂದು ಸಂಗತಿ ಇದೆ. ಕಾರಿನ ಆರ್.ಸಿ.ಯಲ್ಲಿ ಇಂಜಿನ್ ನಂಬರ್ ಬರೆದಿರುತ್ತದೆ. ಆ ನಂಬರ್ ಕೆತ್ತಿರುವುದು ಬ್ಲಾಕಿನ ಮೇಲೆ. ಹೆಡ್ಡು ಫೇಸಿಂಗ್ ಮಾಡಿಸಿದರೆ, ಬೋರ್ ಮಾಡಿಸಿದರೆ ನಂಬರ್ ಬದಲಾಗುವುದಿಲ್ಲ. ಬೇರೆ ಇಂಜಿನ್ ಕೂರಿಸಿದರೆ ಬದಲಾಗುತ್ತದೆ. ಆಗ ಆರ್.ಟಿ.ಓ. ಕಚೇರಿಯಲ್ಲಿ ಅದನ್ನು ಆರ್.ಸಿ.ಗೆ ಸೇರಿಸಲೇಬೇಕು, ವಿಮೆಯವರಿಗೂ ತಿಳಿಸಬೇಕು. ಇಲ್ಲದಿದ್ದರೆ ನಾಳೆ ಮಾರುವಾಗ, ಎಫ್.ಸಿ. ಮಾಡಿಸುವಾಗ, ಅಪಘಾತವಾಗಿ ವಿಮೆ ಕೇಳುವಾಗ ತೊಡಕು. ಇಂಜಿನ್ ಎಲ್ಲಿಂದ ಬಂತು ಎಂಬ ಬಿಲ್ಲು, ಹಳೇ ಗಾಡಿಯ ಕಾಗದ ಇಲ್ಲದೆ ಕೊಳ್ಳಲೇಬೇಡಿ. ಕದ್ದ ಗಾಡಿಯ ಇಂಜಿನ್ ನಮ್ಮ ಕಾರಿನೊಳಗೆ ಕೂತರೆ ಮರ್ಯಾದಸ್ಥರ ಮನೆಗೆ ಪೊಲೀಸರು ಬರುವ ಹಾಗಾಗುತ್ತದೆ.

"ವಿಮೆ ಇದೆಯಲ್ಲ, ಅದರಲ್ಲಿ ಬರಲ್ವಾ?" ಎಂದು ಕೇಳುವವರಿದ್ದೀರಿ. ಸಾಧಾರಣ ವಿಮೆ ಅಪಘಾತ, ಕಳವು, ಬೆಂಕಿ, ಪ್ರವಾಹ ಇಂಥವಕ್ಕೆ. ಓಡುತ್ತಾ ಓಡುತ್ತಾ ಯಂತ್ರ ಕೆಟ್ಟದ್ದಕ್ಕೆ ಅದು ಕೊಡುವುದಿಲ್ಲ. ಬೇರೆಯಾಗಿ ಹಣ ಕಟ್ಟಿ ಪಡೆಯುವ ಇಂಜಿನ್ ರಕ್ಷಣೆಯೂ ಮುಖ್ಯವಾಗಿ ನೀರು ಒಳನುಗ್ಗಿದ್ದು, ಆಯಿಲ್ ಸೋರಿಹೋದದ್ದು ಇವುಗಳಿಂದಾದ ನಷ್ಟಕ್ಕೆ. ನಿಮ್ಮ ಪಾಲಿಸಿಯಲ್ಲಿ ಏನು ಬರೆದಿದೆ ಎಂದು ಒಮ್ಮೆ ಓದಿ ನೋಡಿ.

ಲೆಕ್ಕದ ಪುಸ್ತಕ ತೆಗೆಯಿರಿ

ಈಗ ನಮಗೆ ಗೊತ್ತಿರುವ ಕೆಲಸಕ್ಕೆ ಬರೋಣ. ಲೆಕ್ಕ! ಇದಕ್ಕೆ ಮೂರೇ ಅಂಕಿ ಸಾಕು.

ಒಂದು, ನಿಮ್ಮದೇ ಮಾದರಿಯ, ಅಷ್ಟೇ ವರ್ಷದ, ಚೆನ್ನಾಗಿ ಓಡುವ ಕಾರು ನಿಮ್ಮೂರಿನಲ್ಲಿ ಇವತ್ತು ಎಷ್ಟಕ್ಕೆ ಮಾರಾಟವಾಗುತ್ತದೆ? ಎರಡು, ನಿಮ್ಮದನ್ನು ಈ ಕೆಟ್ಟ ಸ್ಥಿತಿಯಲ್ಲೇ ಎಷ್ಟಕ್ಕೆ ಕೇಳುತ್ತಾರೆ? ಮೂರು, ಅಳತೆ ನೋಡಿದ ಮೇಲೆ ಗ್ಯಾರೇಜಿನವರು ಬರೆದುಕೊಟ್ಟ ರಿಪೇರಿ ಖರ್ಚು.

ಸುಮ್ಮನೆ ಉದಾಹರಣೆಗೆ ಇಟ್ಟುಕೊಳ್ಳಿ. ಚೆನ್ನಾಗಿರುವ ಕಾರಿಗೆ 1,80,000 ರೂಪಾಯಿ. ಕೆಟ್ಟದ್ದಕ್ಕೆ 70,000. ಎರಡರ ಅಂತರ 1,10,000. ರಿಪೇರಿ 35,000ಕ್ಕೆ ಮುಗಿಯುವುದಾದರೆ ಕಣ್ಣು ಮುಚ್ಚಿಕೊಂಡು ಮಾಡಿಸಿ. ಒಂದು ಲಕ್ಷ ಎಂದರೆ ಅಂತರದ ಅಂಚಿಗೆ ಬಂತು, ಆಗ ಟೈರು, ಕ್ಲಚ್ಚು, ತಳದ ತುಕ್ಕು ಎಲ್ಲ ನೋಡಿ ಯೋಚಿಸಬೇಕು. ಅಂತರವನ್ನೇ ದಾಟಿದರೆ ಇದ್ದ ಸ್ಥಿತಿಯಲ್ಲೇ ಮಾರಿ, ಆ ದುಡ್ಡಿಗೆ ರಿಪೇರಿಯ ದುಡ್ಡು ಸೇರಿಸಿ ಅಂಥದೇ ಓಡುವ ಕಾರು ತರುವುದು ಮೇಲು. ನೆನಪಿಡಿ, ಹನ್ನೊಂದು ವರ್ಷದ ಹಿಂದೆ ಕೊಟ್ಟ ಬೆಲೆ ಈ ಲೆಕ್ಕದಲ್ಲಿ ಬರಬಾರದು. "ಅಷ್ಟು ಕೊಟ್ಟು ತಂದಿದ್ದೀವಿ" ಎಂಬ ಸಂಕಟ ನ್ಯಾಯವೇ, ಆದರೆ ಅದು ಮುಗಿದ ಖರ್ಚು.

ಇನ್ನು "ಸಾಲ ಮಾಡಿ ಹೊಸದೇ" ಎಂಬ ಮಾತು. ನಾಲ್ಕು ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ನೂರಕ್ಕೆ 10ರ ಬಡ್ಡಿ, ಐದು ವರ್ಷ ಎಂದರೆ ತಿಂಗಳ ಕಂತು ಸುಮಾರು 8,500 ರೂಪಾಯಿ. ಐದು ವರ್ಷದಲ್ಲಿ ಕಟ್ಟುವುದು ಸುಮಾರು 5,10,000. ಬಡ್ಡಿಯೊಂದೇ ಒಂದು ಲಕ್ಷ ಹತ್ತು ಸಾವಿರ! ಗ್ಯಾರೇಜಿನವರು ಇಂಜಿನಿಗೆ ಕೇಳಿದ ದುಡ್ಡು ಬರೀ ಬಡ್ಡಿಯಲ್ಲೇ ಹೋಯಿತು. ಅದರ ಮೇಲೆ ಹೊಸ ಕಾರಿನ ತೆರಿಗೆ, ಹೆಚ್ಚಿನ ವಿಮೆ. "ಒಂದು ಲಕ್ಷ ಸುರಿಯೋ ಬದಲು" ಎಂಬ ಮಾತು ಕಿವಿಗೆ ಸರಿಯಾಗಿ ಕೇಳುತ್ತದೆ, ಲೆಕ್ಕದ ಪುಸ್ತಕದಲ್ಲಿ ಸರಿಯಾಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಾರಿನ ವಯಸ್ಸನ್ನೂ ನೋಡಬೇಕು. ಸ್ವಂತದ ಕಾರಿನ ಆರ್.ಸಿ. ನೋಂದಣಿಯಾದ ದಿನದಿಂದ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಕಾರಿನ ಈ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ ಇನ್ನೂ ಹೆಚ್ಚಾಯಿತು. ಹನ್ನೊಂದು ವರ್ಷದ ಕಾರಿಗೆ ಇನ್ನೂ ನಾಲ್ಕು ವರ್ಷದ ಆಯಸ್ಸು ಕಾಗದದಲ್ಲೇ ಇದೆ. ಹದಿನಾಲ್ಕೂವರೆ ವರ್ಷದ ಕಾರಾಗಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು.

ಗುಜರಿಗೆ ಕೊಡುವುದೇ ಎಂದಾದರೂ ಬಿಡಿಭಾಗದ ಅಂಗಡಿಗೆ ತಳ್ಳಿ ಬಂದರೆ ಮುಗಿಯಲಿಲ್ಲ. ಆರ್.ಸಿ. ರದ್ದಾಗುವ ತನಕ ಆ ಗಾಡಿ ನಿಮ್ಮ ಹೆಸರಿನಲ್ಲೇ ಇರುತ್ತದೆ. ಸರ್ಕಾರದ ನೋಂದಣಿ ಪಡೆದ ಗುಜರಿ ಕೇಂದ್ರಕ್ಕೆ ಕೊಟ್ಟು, ಅವರು ಕೊಡುವ ಪ್ರಮಾಣಪತ್ರ ಪಡೆದು, ನೋಂದಣಿ ರದ್ದು ಮಾಡಿಸಿ.

ಕಾರಣ ಹುಡುಕದೆ ಬಿಡಬೇಡಿ

ರಿಪೇರಿಯೋ ಬದಲಾವಣೆಯೋ, ಯಾವುದಾದರೂ ಸರಿ, "ಯಾಕೆ ಕಾದಿತು?" ಎಂಬ ಪ್ರಶ್ನೆಗೆ ಉತ್ತರ ಸಿಗದೆ ಗಾಡಿ ಮನೆಗೆ ತರಬೇಡಿ. ಕಟ್ಟಿಕೊಂಡ ಹಳೇ ರೇಡಿಯೇಟರಿನ ಹಿಂದೆ ಹೊಸ ಇಂಜಿನ್ ಕೂರಿಸಿದರೆ ಅದೂ ಕಾಯುತ್ತದೆ. ಮಾಡಿದ ಖರ್ಚು ಹೊಳೆಗೆ ಹಾಕಿದ ಹಾಗೆ. ರೇಡಿಯೇಟರ್ ತೊಳೆಸಿ, ಥರ್ಮೋಸ್ಟಾಟ್, ಮುಚ್ಚಳ, ಹಳೇ ಕೊಳವೆ ಹೊಸದು ಹಾಕಿಸಿ, ಫ್ಯಾನು ತಾನಾಗಿ ಶುರುವಾಗುವುದನ್ನು ನಿಂತು ನೋಡಿ.

ನಮ್ಮ ಊರುಗಳಲ್ಲಿ ಇನ್ನೊಂದು ಕಾರಣ ಬೋರ್‌ವೆಲ್ ನೀರು. ಹಂಡೆಯಲ್ಲಿ, ಗೀಸರಿನಲ್ಲಿ ಬಿಳಿ ಸುಣ್ಣದ ಹೊಪ್ಪಳೆ ಕಟ್ಟುವುದನ್ನು ನಾವು ಉಜ್ಜಿ ಉಜ್ಜಿ ಬಲ್ಲೆವು. ಅದೇ ನೀರನ್ನು ರೇಡಿಯೇಟರಿಗೆ ಹಾಕುತ್ತಾ ಬಂದರೆ ಅದರ ಸಣ್ಣ ನಾಳಗಳಲ್ಲೂ ಅದೇ ಹೊಪ್ಪಳೆ. ಕಂಪನಿ ಹೇಳಿದ ಕೂಲೆಂಟನ್ನೇ ಹಾಕಿಸಿ, ಬೆರೆಸಬೇಕಾದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಒಂದು ಎಚ್ಚರಿಕೆ: ಬಣ್ಣದ ಈ ಕೂಲೆಂಟ್ ರುಚಿಗೆ ಸಿಹಿ, ಆದರೆ ವಿಷ. ಉಳಿದದ್ದನ್ನು ಶರಬತ್ತಿನ ಬಾಟಲಿಯಲ್ಲಿ ತುಂಬಿಡಬೇಡಿ. ಮಕ್ಕಳಿಗೂ ನಾಯಿಗೂ ಸಿಗದ ಹಾಗೆ ಎತ್ತರದಲ್ಲಿಡಿ.

ಹೆಡ್ಡು ಕೂರಿಸುವಾಗ ಅದರ ಬೋಲ್ಟುಗಳನ್ನು ಕಂಪನಿ ಹೇಳಿದ ಕ್ರಮದಲ್ಲಿ, ಬಿಗಿ ತೋರಿಸುವ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಕೆಲವು ಕಾರುಗಳಿಗೆ ಹೊಸ ಬೋಲ್ಟೇ ಬೇಕು. "ಟಾರ್ಕ್ ರೆಂಚ್ ಇದೆಯಾ ಅಣ್ಣಾ?" ಎಂದು ಕೇಳಿ. ಈ ಒಂದು ಪ್ರಶ್ನೆಗೆ ಮೆಕ್ಯಾನಿಕ್ ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ! ಹಳೇ ಸಾಮಾನನ್ನೆಲ್ಲ ವಾಪಸ್ ಕೇಳಿ ಪಡೆಯಿರಿ.

ದಾರಿಯಲ್ಲಿ ಕುದಿದರೆ

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದಾಗಬಾರದು. ಆದ್ದರಿಂದ ಪಕ್ಕದ ಸೀಟಿನಲ್ಲಿ ಕೂರುವ ನಾವು ಒಂದು ಕಣ್ಣು ಮುಳ್ಳಿನ ಮೇಲೆ ಇಡೋಣ. ಈಗಿನ ಕೆಲವು ಕಾರುಗಳಲ್ಲಿ ಮುಳ್ಳಿಲ್ಲ, ಕೆಂಪು ದೀಪ ಹತ್ತುತ್ತದೆ. ಮುಳ್ಳು ಏರುತ್ತಿದೆ ಎಂದಾಗಲೇ ಎ.ಸಿ. ನಿಲ್ಲಿಸಿ, ಹೀಟರನ್ನು ಪೂರ್ತಿ ಹಾಕಿ, ಕಿಟಕಿ ಇಳಿಸಿ. ಸೆಕೆ ನಿಜ, ಆದರೆ ಇಂಜಿನಿನ ಬಿಸಿ ಸ್ವಲ್ಪ ಆ ದಾರಿಯಿಂದ ಹೊರಗೆ ಹೋಗುತ್ತದೆ. ಇಳಿಯದಿದ್ದರೆ, ಕೆಂಪು ದೀಪ ಹತ್ತಿದರೆ, ಅಥವಾ ಹಬೆ ಕಂಡರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಮಕ್ಕಳನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿಕೊಳ್ಳಿ.

ರೇಡಿಯೇಟರ್ ಮುಚ್ಚಳವನ್ನು ಆಗಲೇ ತೆಗೆಯಬೇಡಿ, ತೆಗೆಯಲು ಯಾರನ್ನೂ ಬಿಡಬೇಡಿ. ವಿಷಲ್ ಬರುತ್ತಿರುವ ಕುಕ್ಕರಿನ ಮುಚ್ಚಳ ತೆಗೆಯುತ್ತೀರಾ? ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ, ಕಾದ ಗಾಜಿನ ಲೋಟದ ಹಾಗೆ ಬಿರುಕು ಬಿಟ್ಟೀತು. ಪೂರ್ತಿ ತಣಿಯಲು ಮುಕ್ಕಾಲು ಗಂಟೆಯೋ ಇನ್ನೂ ಹೆಚ್ಚೋ ಬೇಕು. ಎಳೆದೊಯ್ಯುವ ಗಾಡಿಗೆ ಕೊಡುವ ದುಡ್ಡು ದಂಡ ಎನಿಸಿದರೂ ಅದು ಮೊದಲನೆಯ ಮೆಟ್ಟಿಲಿನಲ್ಲೇ ನಿಲ್ಲುವುದಕ್ಕೆ ಕೊಟ್ಟ ದುಡ್ಡು.

ಮನೆಯಲ್ಲಿ ಮಾತು

ಕಾಗದ ಬರೆದ ಸೋದರಿಗೆ ಇನ್ನೊಂದು ಮಾತು. ಗಂಡಸರಿಗೂ ಈ ಹೊತ್ತಿನಲ್ಲಿ ಮನಸ್ಸು ಸರಿಯಿರುವುದಿಲ್ಲ. ಹೆಂಡತಿ ಮಕ್ಕಳ ಮುಂದೆ, ನೆಂಟರ ಮುಂದೆ ಗಾಡಿ ಕೈಕೊಟ್ಟಿದೆ. "ಹೊಸದೇ ತಗೊಳ್ಳೋಣ" ಎಂಬ ಮಾತಿನಲ್ಲಿ ಅರ್ಧ ಆ ಬೇಜಾರು. ಅದಕ್ಕೆ ಎದುರು ವಾದ ಹೂಡಿದರೆ ಜಗಳ. ಊಟವಾದ ಮೇಲೆ, ಎಲೆ ಅಡಿಕೆ ಹೊತ್ತಿನಲ್ಲಿ, "ರೀ, ಬೇಡ ಅಂತ ನಾನೂ ಹೇಳಲ್ಲ. ಹೆಡ್ ಇಳಿಸಿ ಅಳತೆ ಎಷ್ಟು ಬಂತು ಅಂತ ಒಂದು ಸಲ ನೋಡಿಬಿಡೋಣ. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕೋಣ" ಎಂದು ನೋಡಿ. ಅಳತೆ ಕೇಳುವವರಿಗೆ "ನಿನಗೇನು ಗೊತ್ತು" ಎನ್ನುವುದು ಕಷ್ಟ.

ಬಳೆಯ ವಿಷಯಕ್ಕೆ ನನ್ನ ಅಭಿಪ್ರಾಯ ನೇರ. ಎರಡನೆಯ ಮೆಟ್ಟಿಲಿನ ರಿಪೇರಿಯಾದರೆ ಕೂಡಿಟ್ಟ ಚೀಟಿ ದುಡ್ಡಿನಲ್ಲೋ, ಎರಡು ಕಂತಿನಲ್ಲೋ ಮುಗಿಸಿ. ಬಳೆ ಪೆಟ್ಟಿಗೆಯಲ್ಲೇ ಇರಲಿ. ಅದಕ್ಕಿಂತ ದೊಡ್ಡ ಖರ್ಚಾದರೆ ಬಿಡಿಸಿಕೊಳ್ಳುವ ದಾರಿ, ತಿಂಗಳು ಯಾವುದು ಎಂದು ಬರೆದಿಟ್ಟುಕೊಂಡ ಮೇಲೆಯೇ ಅಡವಿಡಿ. ಬಿಡಿಸಿಕೊಳ್ಳದ ಚಿನ್ನ ಹರಾಜಿಗೆ ಹೋಗುತ್ತದೆ. ಕಾರಿಲ್ಲದೆ ಆರು ತಿಂಗಳು ಬಸ್ಸಿನಲ್ಲಿ ಓಡಾಡಬಹುದು. ಮಗಳ ಕಾಲೇಜಿನ ಫೀಸು ಆರು ತಿಂಗಳು ಕಾಯುವುದಿಲ್ಲ.

ಗ್ಯಾರೇಜಿಗೆ ಹೋಗುವ ಮೊದಲು ಈ ಆರು ಸಾಲು ಒಂದು ಚೀಟಿಯಲ್ಲಿ ಬರೆದುಕೊಂಡು ಪರ್ಸಿನಲ್ಲಿಡಿ:

ಕಾದ ಮೇಲೆ ಎಷ್ಟು ದೂರ ಓಡಿತು?
ಆಯಿಲಿನ ಬಣ್ಣ ಏನು? ಕಂಪ್ರೆಷನ್ ಅಂಕಿ ಎಷ್ಟೆಷ್ಟು?
ಹೆಡ್ಡು ಎಷ್ಟು ಸೊಟ್ಟ, ಬಿರುಕಿದೆಯೆ, ಸಿಲಿಂಡರಿನಲ್ಲಿ ಗೀರಿದೆಯೆ?
ಯಾಕೆ ಕಾದಿತು, ಆ ಕಾರಣಕ್ಕೆ ಏನು ಮಾಡುತ್ತೀರಿ?
ಖರ್ಚು ಬರವಣಿಗೆಯಲ್ಲಿ ಎಷ್ಟು, ಕೆಲಸಕ್ಕೆ ಎಷ್ಟು ತಿಂಗಳ ಭರವಸೆ?
ಇಂಜಿನ್ ನಂಬರ್ ಬದಲಾಗುತ್ತದೆಯೆ?

ಇಷ್ಟಕ್ಕೆ ಉತ್ತರ ಬಂದ ಮೇಲೆ ನೀವು ತೆಗೆದುಕೊಳ್ಳುವ ತೀರ್ಮಾನ ಯಾವುದೇ ಆಗಲಿ, ಅದು ತಿಳಿದು ತೆಗೆದುಕೊಂಡದ್ದು. ಮೂರು ನಾಲ್ಕು ಮಂದಿ ಸೋದರಿಯರು ಹಳೇ ಫ್ರಿಜ್ಜಿಗೆ ಗ್ಯಾಸ್ ತುಂಬಿಸುವ ವಿಷಯ ಕೇಳಿದ್ದೀರಿ. ಮುಂದಿನ ಸಂಚಿಕೆಯಲ್ಲಿ ಅದನ್ನೇ ನೋಡೋಣ. ಕಾಗದ ಬರೆಯುತ್ತಿರಿ.